ಲಿನಕ್ಸ್‌ನಲ್ಲಿ ಯೂಸರ್, ಗ್ರೂಪ್ ತೊಂದರೆಗಳು: ಹುಡುಕಿ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಯೂಸರ್ ಅನ್ನು ಗ್ರೂಪಿಗೆ ಸೇರಿಸಿದ್ದೀರಿ, ಆದರೂ ‘ಪರ್ಮಿಷನ್ ಡಿನೈಡ್’ ಬರುತ್ತಿದೆ. ಅಕೌಂಟ್ ಲಾಕ್ ಮಾಡಿದ್ದೀರಿ, ಆದರೂ ಆ ವ್ಯಕ್ತಿ ಒಳಗೆ ಬರುತ್ತಿದ್ದಾರೆ. ಹಳೆಯ ಯೂಸರ್ ಅನ್ನು ಅಳಿಸಿ ಹೊಸಬರನ್ನು ಸೇರಿಸಿದಿರಿ, ಹಳಬರ ಫೈಲುಗಳೆಲ್ಲ ಹೊಸಬರ ಪಾಲಾಗಿವೆ. ಮೂರೂ ಬೇರೆ ಬೇರೆ ತೊಂದರೆ ಅನಿಸುತ್ತವೆ, ಆದರೆ ಬೇರು ಒಂದೇ. ಲಿನಕ್ಸ್‌ನಲ್ಲಿ ಅಕೌಂಟ್ ಅನ್ನೋದು ಒಂದೇ ಜಾಗದಲ್ಲಿ ಕೂತಿಲ್ಲ. ಒಂದು ಭಾಗ ಅಕೌಂಟ್ ಫೈಲುಗಳಲ್ಲಿದೆ, ಇನ್ನೊಂದು ಓಡುತ್ತಿರುವ ಪ್ರೋಸೆಸ್‌ಗಳಲ್ಲಿದೆ, ಮತ್ತೊಂದು ಡಿಸ್ಕಿನ ಮೇಲಿರುವ ಫೈಲುಗಳಲ್ಲಿದೆ. ಒಂದು ಕಡೆ ಬದಲಿಸಿದರೆ ಉಳಿದ ಎರಡು ತಾವಾಗಿಯೇ ಬದಲಾಗುವುದಿಲ್ಲ. ಯಾವುದೇ ತೊಂದರೆ ಬಂದರೂ ‘ಇದು ಮೂರರಲ್ಲಿ ಎಲ್ಲಿ ಹಿಂದೆ ಉಳಿದಿದೆ?’ ಅಂತ ಮೊದಲು ಕೇಳಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕಮಾಂಡುಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಪಾಸ್‌ವರ್ಡ್ ಅನ್ನುವ ಕಮಾಂಡಿನಲ್ಲೂ ಅದೇ ಹೆಸರಿನ ಫೈಲಿನಲ್ಲೂ ಓ ಮತ್ತು ಆರ್ ಅಕ್ಷರಗಳಿಲ್ಲ, ಅದೊಂದು ನೆನಪಿರಲಿ.

ಹಂತ 1: ಮುಟ್ಟುವ ಮೊದಲು ನೋಡಿ

ಮೇಘಾ ಅನ್ನುವ ಅಕೌಂಟ್ ಇದೆ ಅಂದುಕೊಳ್ಳಿ. ಮೊದಲು ಇದನ್ನು ಓಡಿಸಿ:

ಗೆಟ್‌ಎಂಟ್ ಪಾಸ್‌ವರ್ಡ್ ಮೇಘಾ

ಹೀಗೊಂದು ಸಾಲು ಬರುತ್ತದೆ:

ಮೇಘಾ:ಎಕ್ಸ್:1004:1004::/ಹೋಮ್/ಮೇಘಾ:/ಬಿನ್/ಬ್ಯಾಶ್

ಕೋಲನ್‌ಗಳ ನಡುವೆ ಏಳು ಭಾಗಗಳಿವೆ. ಹೆಸರು, ಪಾಸ್‌ವರ್ಡ್ ಬೇರೆ ಫೈಲಿನಲ್ಲಿದೆ ಅನ್ನುವ ಗುರುತಾದ ಎಕ್ಸ್, ಯೂಸರ್ ಐಡಿ, ಮುಖ್ಯ ಗ್ರೂಪಿನ ಐಡಿ, ಪೂರ್ತಿ ಹೆಸರು ಮುಂತಾದ ವಿವರ (ಇಲ್ಲಿ ಖಾಲಿ), ಹೋಮ್ ಡೈರೆಕ್ಟರಿ, ಶೆಲ್ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂ). ಇದರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇಕಾದದ್ದು ನಂಬರ್‌ಗಳು ಮಾತ್ರ. ಫೈಲು ಯಾರದ್ದು, ಪ್ರೋಸೆಸ್ ಯಾರದ್ದು ಅನ್ನೋದೆಲ್ಲ 1004 ಅನ್ನುವ ನಂಬರಿನ ಮೇಲೆ ನಿಂತಿದೆ. ಹೆಸರು ನಮ್ಮ ಅನುಕೂಲಕ್ಕೆ.

ಈಗಿನ ಹೆಚ್ಚಿನ ಡಿಸ್ಟ್ರೋಗಳಲ್ಲಿ ಮನುಷ್ಯರ ಅಕೌಂಟ್‌ಗಳು 1000ದಿಂದ ಶುರುವಾಗುತ್ತವೆ, ಅದಕ್ಕಿಂತ ಕಡಿಮೆ ನಂಬರ್‌ಗಳು ಸರ್ವಿಸ್‌ಗಳಿಗೆ. 0 ಅಂದರೆ ಎಲ್ಲ ಹಕ್ಕೂ ಇರುವ ರೂಟ್, ಹೆಸರು ಏನೇ ಇರಲಿ. ಮೂರನೇ ಭಾಗದಲ್ಲಿ 0 ಇರುವ ಎರಡನೇ ಅಕೌಂಟ್ ಕಂಡರೆ ಉಳಿದ ಕೆಲಸ ಬಿಟ್ಟು ಅದನ್ನು ಮೊದಲು ವಿಚಾರಿಸಿ.

ಸುಮ್ನೆ ಫೈಲಿನಲ್ಲಿ ಗ್ರೆಪ್ ಮಾಡಿ ಹುಡುಕಿದರೆ ಸಾಲದಾ ಅಂತ ಕೇಳಬಹುದು. ಸಾಲದು. ಎಲ್‌ಡ್ಯಾಪ್ ಅಥವಾ ಎಸ್‌ಎಸ್‌ಎಸ್‌ಡಿ (ಅಕೌಂಟ್‌ಗಳನ್ನು ಬೇರೆ ಸರ್ವರಿನಿಂದ ತರುವ ವ್ಯವಸ್ಥೆಗಳು) ಇರುವ ಕಡೆ ಎಷ್ಟೋ ಯೂಸರ್‌ಗಳು ಲೋಕಲ್ ಫೈಲಿನಲ್ಲಿ ಇರುವುದೇ ಇಲ್ಲ. ಗೆಟ್‌ಎಂಟ್ ಸಿಸ್ಟಂ ನಿಜವಾಗಿ ಕೇಳುವ ಎಲ್ಲ ಮೂಲಗಳನ್ನೂ ಕೇಳುತ್ತದೆ. ಗೆಟ್‌ಎಂಟ್‌ನಲ್ಲಿ ಕಂಡು ಲೋಕಲ್ ಫೈಲಿನಲ್ಲಿ ಕಾಣದಿದ್ದರೆ ಆ ಅಕೌಂಟ್ ಅನ್ನು ಯೂಸರ್‌ಮಾಡ್ ಕಮಾಂಡಿನಿಂದ ಬದಲಿಸಲು ಆಗುವುದಿಲ್ಲ, ಮೂಲ ಸರ್ವರಿನಲ್ಲೇ ಬದಲಿಸಬೇಕು.

ಆಮೇಲೆ ‘ಐಡಿ ಮೇಘಾ’ ಹಾಕಿ ಗ್ರೂಪುಗಳನ್ನು ನೋಡಿ. ಒಂದು ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ: /ಇಟಿಸಿ/ಗ್ರೂಪ್ ಫೈಲಿನ ಸದಸ್ಯರ ಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಚ್ಚುವರಿ ಸದಸ್ಯರು ಮಾತ್ರ ಕಾಣುತ್ತಾರೆ. ಯಾರ ಮುಖ್ಯ ಗ್ರೂಪೇ ಅದೋ ಅವರ ಹೆಸರು ಅಲ್ಲಿ ಇರಬೇಕಾಗಿಲ್ಲ. ಪಟ್ಟಿ ಖಾಲಿ ಇದೆ ಅಂತ ಗ್ರೂಪ್ ಖಾಲಿ ಅಂದುಕೊಳ್ಳಬೇಡಿ.

ಹಂತ 2: ಗ್ರೂಪಿಗೆ ಸೇರಿಸಿದರೂ ಕೆಲಸ ಆಗುತ್ತಿಲ್ಲ

ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ತೊಂದರೆ. ಸೇರಿಸುವ ಸರಿಯಾದ ಕಮಾಂಡ್ ಇದು (ಸುಡೊ ಅಂದರೆ ರೂಟ್ ಹಕ್ಕಿನಿಂದ ಓಡಿಸು ಅಂತ, ಡೆವ್ ಅನ್ನೋದು ಗ್ರೂಪಿನ ಹೆಸರು):

ಸುಡೊ ಯೂಸರ್‌ಮಾಡ್ -ಎಜಿ ಡೆವ್ ಮೇಘಾ

ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಎ ಬಿಟ್ಟು ದೊಡ್ಡ ಜಿ ಮಾತ್ರ ಹಾಕಿದರೆ ಅದರ ಅರ್ಥವೇ ಬದಲಾಗುತ್ತದೆ. ‘ಡೆವ್‌ಗೂ ಸೇರಿಸು’ ಅಂತಲ್ಲ, ‘ಹೆಚ್ಚುವರಿ ಗ್ರೂಪ್ ಡೆವ್ ಒಂದೇ ಇರಲಿ, ಉಳಿದದ್ದೆಲ್ಲ ತೆಗೆ’ ಅಂತ. ಸುಡೊ ಗ್ರೂಪಿನಲ್ಲಿದ್ದವರು ಒಂದೇ ಎಂಟರ್‌ಗೆ ಹೊರಗೆ ಬೀಳುತ್ತಾರೆ. ಈ ಭಯವೇ ಬೇಡ ಅನ್ನುವವರು ‘ಜಿಪಾಸ್‌ವರ್ಡ್ -ಎ ಮೇಘಾ ಡೆವ್’ ಬಳಸಬಹುದು. ಇಲ್ಲೂ ಓ, ಆರ್ ಇಲ್ಲ, ಯೂಸರ್ ಹೆಸರು ಮೊದಲು. ಇದು ಒಂದು ಗ್ರೂಪನ್ನು ಮಾತ್ರ ಮುಟ್ಟುತ್ತದೆ. ತೆಗೆಯಲು -ಎ ಬದಲು -ಡಿ.

ಈಗಾಗಲೇ ಎ ಬಿಟ್ಟುಹೋಗಿದ್ದರೆ ಮೊದಲು ಮಾಡಬೇಕಾದದ್ದು ಏನು ಗೊತ್ತಾ? ತೆರೆದಿರುವ ಟರ್ಮಿನಲ್ ಮುಚ್ಚದೇ ಇರುವುದು. ಆ ಶೆಲ್‌ಗೆ ಹಳೆಯ ಗ್ರೂಪುಗಳು ಇನ್ನೂ ಇರುತ್ತವೆ, ಅಲ್ಲಿಂದ ಸುಡೊ ನಡೆಯುವ ಸಾಧ್ಯತೆ ಹೆಚ್ಚು. ಯಾವ ಯಾವ ಗ್ರೂಪ್ ಇತ್ತು ಅನ್ನೋದು ಮರೆತಿದ್ದರೆ ಅದಕ್ಕೂ ದಾರಿ ಇದೆ. ಈ ಕಮಾಂಡುಗಳು ಪ್ರತಿ ಬದಲಾವಣೆಗೆ ಮುಂಚೆ ಹಳೆಯ ಫೈಲಿನ ಪ್ರತಿಯನ್ನು ಹೆಸರಿನ ಕೊನೆಗೆ ಹೈಫನ್ ಸೇರಿಸಿ ಇಡುತ್ತವೆ. /ಇಟಿಸಿ/ಗ್ರೂಪ್- ಅನ್ನುವ ಫೈಲು ನೋಡಿ. ಅದರಲ್ಲಿರುವುದು ಕೊನೆಯ ಬದಲಾವಣೆಗೆ ಹಿಂದಿನ ಸ್ಥಿತಿ ಮಾತ್ರ, ಹಾಗಾಗಿ ಬೇರೆ ಏನನ್ನೂ ಓಡಿಸುವ ಮೊದಲೇ ಅದನ್ನು ಕಾಪಿ ಮಾಡಿಟ್ಟುಕೊಳ್ಳಿ.

ಇನ್ನು ಸರಿಯಾಗಿ ಸೇರಿಸಿಯೂ ಫಲ ಕಾಣದ ವಿಷಯ. ಮೇಘಾ ಅವರ ಟರ್ಮಿನಲ್‌ನಲ್ಲೇ ಎರಡು ಕಮಾಂಡ್ ಓಡಿಸಿ. ಒಂದು ಬರೀ ‘ಐಡಿ’, ಇನ್ನೊಂದು ‘ಐಡಿ ಮೇಘಾ’. ಎರಡನೆಯದರಲ್ಲಿ ಡೆವ್ ಇದ್ದು ಮೊದಲನೆಯದರಲ್ಲಿ ಇಲ್ಲದಿದ್ದರೆ ಕಾರಣ ಸಿಕ್ಕಿತು. ಹೆಸರು ಕೊಟ್ಟ ಐಡಿ ಅಕೌಂಟ್ ಫೈಲನ್ನು ಓದುತ್ತದೆ. ಬರೀ ಐಡಿ ಈ ಶೆಲ್‌ಗೆ ಈಗ ಯಾವ ಗ್ರೂಪುಗಳಿವೆ ಅಂತ ಕರ್ನಲ್ ಅನ್ನು ಕೇಳುತ್ತದೆ. ಗ್ರೂಪುಗಳ ಪಟ್ಟಿ ಲಾಗಿನ್ ಆಗುವಾಗ ಒಮ್ಮೆ ಪ್ರೋಸೆಸ್‌ಗೆ ಅಂಟಿಕೊಳ್ಳುತ್ತದೆ. ಅದರಿಂದ ಹುಟ್ಟುವ ಎಲ್ಲ ಪ್ರೋಸೆಸ್‌ಗಳಿಗೂ ಅದೇ ಪಟ್ಟಿ ಹೋಗುತ್ತದೆ. ಆಮೇಲೆ ಫೈಲು ಬದಲಾದರೂ ಯಾರೂ ಹೋಗಿ ಹೇಳುವುದಿಲ್ಲ.

ಪೂರ್ತಿ ಲಾಗ್ಔಟ್ ಆಗಿ ಮತ್ತೆ ಬರುವುದೇ ಸರಿಯಾದ ಪರಿಹಾರ. ಪೂರ್ತಿ ಅನ್ನುವ ಮಾತು ಮುಖ್ಯ. ಟಿಮಕ್ಸ್ ಅಥವಾ ಸ್ಕ್ರೀನ್ (ಕನೆಕ್ಷನ್ ಕಡಿದರೂ ಸೆಷನ್ ಉಳಿಸುವ ಪ್ರೋಗ್ರಾಂಗಳು) ಓಡುತ್ತಿದ್ದರೆ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಹೊಸ ಕನೆಕ್ಷನ್‌ನಿಂದ ಬಂದು ಹಳೆಯ ಸೆಷನ್‌ಗೆ ಅಟ್ಯಾಚ್ ಆದರೂ ಅಲ್ಲಿ ಸಿಗುವುದು ಹಳೆಯ ಪಟ್ಟಿಯೇ. ಡೆಸ್ಕ್‌ಟಾಪ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯ ಯೂಸರ್ ಮ್ಯಾನೇಜರ್ ಕೆಲವೊಮ್ಮೆ ಲಾಗ್ಔಟ್ ಆದ ಮೇಲೂ ಉಳಿದುಕೊಳ್ಳುತ್ತದೆ. ಆಗ ‘ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್ ಮೇಘಾ’ ಬೇಕು. ಇದು ಅವರ ಎಲ್ಲ ಕೆಲಸವನ್ನೂ ಕೊಲ್ಲುತ್ತದೆ, ಮೊದಲು ಸೇವ್ ಮಾಡಲು ಹೇಳಿ. ಸರ್ವಿಸ್ ಅಕೌಂಟ್ ಆದರೆ ಆ ಸರ್ವಿಸ್ ಅನ್ನು ರೀಸ್ಟಾರ್ಟ್ ಮಾಡಬೇಕು. ಯಾವುದೇ ಪ್ರೋಸೆಸ್‌ನ ಗ್ರೂಪುಗಳನ್ನು ಖಚಿತವಾಗಿ ನೋಡಬೇಕಿದ್ದರೆ /ಪ್ರಾಕ್ ಒಳಗೆ ಅದರ ನಂಬರಿನ ಡೈರೆಕ್ಟರಿಯಲ್ಲಿರುವ ಸ್ಟೇಟಸ್ ಫೈಲಿನಲ್ಲಿ ಗ್ರೂಪ್ಸ್ ಅನ್ನುವ ಸಾಲು ಓದಿ.

‘ನ್ಯೂಜಿಆರ್‌ಪಿ ಡೆವ್’ ಅಂತ ಹಾಕಿದರೆ ಲಾಗ್ಔಟ್ ಇಲ್ಲದೆಯೇ ಹೊಸ ಗ್ರೂಪ್ ಸಿಗುತ್ತದೆ. ಆದರೆ ಅದು ಒಳಗೊಂದು ಹೊಸ ಶೆಲ್ ತೆರೆಯುತ್ತದೆ, ಅಲ್ಲಿ ಮುಖ್ಯ ಗ್ರೂಪೇ ಡೆವ್ ಆಗಿರುತ್ತದೆ. ಪರೀಕ್ಷೆಗೆ ಸಾಕು, ದಿನದ ಕೆಲಸಕ್ಕೆ ಅಲ್ಲ.

ಒಂದು ಎಚ್ಚರಿಕೆ. ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ) ಗ್ರೂಪಿಗೆ ಯಾರನ್ನಾದರೂ ಸೇರಿಸಿದರೆ ಅವರಿಗೆ ರೂಟ್ ಕೊಟ್ಟಂತೆಯೇ. ಆ ಗ್ರೂಪಿನವರು ಇಡೀ ಡಿಸ್ಕನ್ನು ಕಂಟೇನರ್ ಒಳಗೆ ಮೌಂಟ್ ಮಾಡಿ ಏನು ಬೇಕಾದರೂ ಬದಲಿಸಬಹುದು. ಡಿಸ್ಕ್ ಅನ್ನುವ ಗ್ರೂಪೂ ಅಷ್ಟೇ ಅಪಾಯ. ‘ಸುಡೊ ಕೊಟ್ಟಿಲ್ಲ, ಡಾಕರ್ ಮಾತ್ರ ಕೊಟ್ಟಿದ್ದೇವೆ’ ಅನ್ನುವ ನೆಮ್ಮದಿಗೆ ಅರ್ಥ ಇಲ್ಲ.

ಹಂತ 3: ತಂಡದ ಡೈರೆಕ್ಟರಿ

ಗ್ರೂಪ್ ಸರಿ ಇದೆ, ಆದರೂ ಒಬ್ಬರು ಮಾಡಿದ ಫೈಲನ್ನು ಇನ್ನೊಬ್ಬರು ತಿದ್ದಲು ಆಗುತ್ತಿಲ್ಲ. ಹೊಸ ಫೈಲಿಗೆ ಸಾಮಾನ್ಯವಾಗಿ ಮಾಡಿದವರ ಮುಖ್ಯ ಗ್ರೂಪ್ ಹತ್ತುತ್ತದೆ, ಡೈರೆಕ್ಟರಿಯ ಗ್ರೂಪ್ ಅಲ್ಲ. ಅದಕ್ಕೆ ಸೆಟ್‌ಜಿಐಡಿ ಬಿಟ್ ಬೇಕು:

ಸುಡೊ ಸಿಎಚ್‌ಜಿಆರ್‌ಪಿ ಡೆವ್ /ಎಸ್‌ಆರ್‌ವಿ/ಕೆಲಸ
ಸುಡೊ ಸಿಎಚ್‌ಮಾಡ್ 2770 /ಎಸ್‌ಆರ್‌ವಿ/ಕೆಲಸ

2770ರ ಮೊದಲ ಅಂಕಿ 2 ಅನ್ನೋದೇ ಸೆಟ್‌ಜಿಐಡಿ. ಇನ್ನು ಮುಂದೆ ಒಳಗೆ ಹುಟ್ಟುವ ಫೈಲುಗಳಿಗೆ ಡೆವ್ ಗ್ರೂಪ್ ಬರುತ್ತದೆ. ಆದರೆ ಯೂಮಾಸ್ಕ್ (ಹೊಸ ಫೈಲಿನಿಂದ ಯಾವ ಹಕ್ಕು ಕಳೆಯಬೇಕು ಅನ್ನುವ ಸೆಟ್ಟಿಂಗ್) 022 ಇದ್ದರೆ ಗ್ರೂಪಿಗೆ ಬರೆಯುವ ಹಕ್ಕು ಬರುವುದಿಲ್ಲ. ಎಲ್ಲರ ಯೂಮಾಸ್ಕ್ ಅನ್ನು 002 ಮಾಡುವ ಬದಲು ಆ ಡೈರೆಕ್ಟರಿಗೊಂದು ಡೀಫಾಲ್ಟ್ ಎಸಿಎಲ್ (ಹೆಚ್ಚುವರಿ ಹಕ್ಕುಗಳ ಪಟ್ಟಿ) ಹಾಕುವುದು ನನಗೆ ಇಷ್ಟ:

ಸುಡೊ ಸೆಟ್‌ಎಫ್‌ಎಸಿಎಲ್ -ಡಿ -ಎಂ ಜಿ:ಡೆವ್:ಆರ್‌ಡಬ್ಲ್ಯುಎಕ್ಸ್ /ಎಸ್‌ಆರ್‌ವಿ/ಕೆಲಸ

ಇಲ್ಲಿ ಕೊನೆಯ ಎಕ್ಸ್ ದೊಡ್ಡಕ್ಷರ. ಇಷ್ಟೆಲ್ಲ ಮಾಡಿದರೂ ಕೆಲವು ಫೈಲು ಹಳೆಯ ಗ್ರೂಪಿನಲ್ಲೇ ಉಳಿದಿದ್ದರೆ ಅವನ್ನು ಯಾರೋ ಬೇರೆ ಕಡೆಯಿಂದ ಎಂವಿ (ಫೈಲಿನ ಜಾಗ ಬದಲಿಸುವ ಕಮಾಂಡ್) ಮಾಡಿ ತಂದಿರಬಹುದು. ಎಂವಿ ಇದ್ದ ಫೈಲನ್ನೇ ಹಳೆಯ ಗ್ರೂಪಿನೊಂದಿಗೆ ತರುತ್ತದೆ. ಕಾಪಿ ಮಾಡುವ ಸಿಪಿ ಹೊಸ ಫೈಲು ಹುಟ್ಟಿಸುವುದರಿಂದ ಡೈರೆಕ್ಟರಿಯ ನಿಯಮ ಹತ್ತುತ್ತದೆ.

ಫೈಲಿನ ಹಕ್ಕು ಎಲ್ಲ ಸರಿ ಕಂಡೂ ‘ಪರ್ಮಿಷನ್ ಡಿನೈಡ್’ ಬಂದರೆ ಮೇಲಿನ ಯಾವುದೋ ಡೈರೆಕ್ಟರಿಯಲ್ಲಿ ಎಕ್ಸ್ (ಒಳಗೆ ಹಾದುಹೋಗುವ) ಹಕ್ಕು ಇಲ್ಲದಿರಬಹುದು. ‘ನೇಮ್‌ಐ -ಎಲ್’ ಅಂತ ಬರೆದು ಪೂರ್ತಿ ಪಾತ್ ಕೊಡಿ. ಎಲ್ಲಕ್ಕಿಂತ ಮೇಲಿನ / ಡೈರೆಕ್ಟರಿಯಿಂದ ಫೈಲಿನವರೆಗೆ ಪ್ರತಿ ಮೆಟ್ಟಿಲಿನ ಮಾಲೀಕ, ಗ್ರೂಪ್, ಹಕ್ಕು ಒಂದರ ಕೆಳಗೊಂದು ಕಾಣುತ್ತದೆ. ಎಲ್ಲರಿಗೂ ಎಲ್ಲ ಹಕ್ಕು ಕೊಡುವ ಸಿಎಚ್‌ಮಾಡ್ 777 ಹಾಕುವ ಮನಸ್ಸಾದಾಗಲೆಲ್ಲ ಮೊದಲು ಈ ಕಮಾಂಡ್ ಓಡಿಸಿ.

ಹಂತ 4: ಲಾಗಿನ್ ಆಗುತ್ತಿಲ್ಲ

ಮೊದಲು ಲಾಗ್ ಓದಿ. ಡೆಬಿಯನ್, ಉಬುಂಟು ಕಡೆ /ವಾರ್/ಲಾಗ್/ಆಥ್.ಲಾಗ್, ರೆಡ್ ಹ್ಯಾಟ್ ಕಡೆ /ವಾರ್/ಲಾಗ್/ಸೆಕ್ಯೂರ್. ಎರಡೂ ಇಲ್ಲದಿದ್ದರೆ ಜರ್ನಲ್‌ಸಿಟಿಎಲ್. ಕಾರಣ ಅಲ್ಲಿ ಬರೆದೇ ಇರುತ್ತದೆ, ಪರದೆಯ ಮೇಲೆ ಬರುವ ಸಂದೇಶ ಬೇಕೆಂದೇ ಮೊಟಕಾಗಿರುತ್ತದೆ. ಆಮೇಲೆ:

ಸುಡೊ ಪಾಸ್‌ವರ್ಡ್ -ಎಸ್ ಮೇಘಾ
ಸುಡೊ ಚೇಜ್ -ಎಲ್ ಮೇಘಾ

ಮೊದಲನೆಯದರಲ್ಲಿ ಎಸ್ ದೊಡ್ಡಕ್ಷರ. ಹೆಸರಿನ ಮುಂದೆ ಪಿ ಅಂದರೆ ಪಾಸ್‌ವರ್ಡ್ ಇದೆ, ಎಲ್ ಅಂದರೆ ಲಾಕ್ ಆಗಿದೆ, ಎನ್‌ಪಿ ಅಂದರೆ ಪಾಸ್‌ವರ್ಡೇ ಇಲ್ಲ. ಎರಡನೆಯ ಕಮಾಂಡಿನ ಅಕ್ಷರಗಳು ಸಿ, ಎಚ್, ಎ, ಜಿ, ಇ. ಪಾಸ್‌ವರ್ಡಿನ ಅವಧಿ, ಅಕೌಂಟಿನ ಅವಧಿ ಎರಡನ್ನೂ ತೋರಿಸುತ್ತದೆ. ಎರಡೂ ಒಂದಲ್ಲ. ಪಾಸ್‌ವರ್ಡಿನ ಅವಧಿ ಮುಗಿದರೆ ಬದಲಿಸಿ ಒಳಗೆ ಹೋಗಬಹುದು, ಅಕೌಂಟಿನ ಅವಧಿ ಮುಗಿದರೆ ಬಾಗಿಲೇ ಮುಚ್ಚಿತು. ಪಾಸ್‌ವರ್ಡಿನ ವಿವರ ಇರುವ ಶ್ಯಾಡೋ ಫೈಲನ್ನು (/ಇಟಿಸಿ/ಶ್ಯಾಡೋ) ನೇರವಾಗಿ ನೋಡಿದರೆ ಈ ದಿನಾಂಕಗಳು 1970ರ ಜನವರಿ 1ರಿಂದ ಎಣಿಸಿದ ದಿನಗಳಾಗಿ ಕಾಣುತ್ತವೆ.

ಇವೆರಡೂ ಸರಿ ಇದ್ದರೆ ತಪ್ಪು ಪಾಸ್‌ವರ್ಡ್ ಜಾಸ್ತಿ ಸಲ ಹಾಕಿ ತಾತ್ಕಾಲಿಕವಾಗಿ ಬಂದ್ ಆಗಿರಬಹುದು. ‘ಫೈಲ್‌ಲಾಕ್ --ಯೂಸರ್ ಮೇಘಾ’ ನೋಡಿ. ಸ್ಪೆಲಿಂಗ್ ಎಫ್, ಎ, ಐ, ಎಲ್ ಇಂದ ಶುರು, ಕಡತದ ಫೈಲ್ ಅಲ್ಲ. ಡೀಫಾಲ್ಟ್ ಇಟ್ಟರೆ 3 ತಪ್ಪಿಗೆ 600 ಸೆಕೆಂಡ್ ಬಂದ್. ಕಾಯಲು ಆಗದಿದ್ದರೆ ಕೊನೆಗೆ --ರೀಸೆಟ್ ಸೇರಿಸಿ.

‘ದಿಸ್ ಅಕೌಂಟ್ ಈಸ್ ಕರೆಂಟ್ಲಿ ನಾಟ್ ಅವೈಲೆಬಲ್’ ಬಂದರೆ ಶೆಲ್ ಜಾಗದಲ್ಲಿ ನೋಲಾಗಿನ್ ಇದೆ. ಯಾರಿಗೂ ಲಾಗಿನ್ ಆಗದೆ ರೂಟ್‌ಗೆ ಮಾತ್ರ ಆದರೆ /ಇಟಿಸಿ/ನೋಲಾಗಿನ್ ಅನ್ನುವ ಫೈಲು ಉಳಿದಿದೆಯಾ ನೋಡಿ. ಎಸ್‌ಎಸ್‌ಎಚ್ ಕೀ ಮಾತ್ರ ನಡೆಯುತ್ತಿಲ್ಲ ಅಂದರೆ ಹೋಮ್ ಡೈರೆಕ್ಟರಿಗೆ ಗ್ರೂಪಿನವರು ಅಥವಾ ಬೇರೆಯವರು ಬರೆಯುವ ಹಕ್ಕು ಇದೆಯಾ ಅಂತ ನೋಡಿ. ಇದ್ದರೆ ಎಸ್‌ಎಸ್‌ಎಚ್ ಸರ್ವರ್ ಕೀಯನ್ನು ನಂಬುವುದಿಲ್ಲ. ಹೋಮ್‌ಗೆ 700, .ಎಸ್‌ಎಸ್‌ಎಚ್ ಡೈರೆಕ್ಟರಿಗೆ 700, ಒಳಗಿನ ಕೀ ಪಟ್ಟಿಗೆ 600 ಇಟ್ಟರೆ ಸಾಕು.

ಹೊಸ ಅಕೌಂಟ್‌ಗೆ ಹೋಮ್ ಡೈರೆಕ್ಟರಿಯೇ ಇಲ್ಲದಿರುವುದು ಡೆಬಿಯನ್, ಉಬುಂಟುಗಳಲ್ಲಿ ಸಾಮಾನ್ಯ. ಅಲ್ಲಿ ಯೂಸರ್‌ಆಡ್‌ಗೆ -ಎಂ ಕೊಡದಿದ್ದರೆ ಅದು ಹೋಮ್ ಮಾಡುವುದಿಲ್ಲ, ಆಡ್‌ಯೂಸರ್ ಮಾಡುತ್ತದೆ. ರೆಡ್ ಹ್ಯಾಟ್ ಕಡೆ ಎರಡೂ ಒಂದೇ ಕಮಾಂಡ್, ಹೋಮ್ ತಾನಾಗಿ ಬರುತ್ತದೆ. ಈಗ ಸರಿಮಾಡಲು ಡೈರೆಕ್ಟರಿ ಮಾಡಿ, /ಇಟಿಸಿ/ಸ್ಕೆಲ್ ಒಳಗಿನ ಮಾದರಿ ಫೈಲುಗಳನ್ನು ಕಾಪಿ ಮಾಡಿ, ಕೊನೆಗೆ ‘ಚೌನ್ -ಆರ್ ಮೇಘಾ: /ಹೋಮ್/ಮೇಘಾ’ ಹಾಕಿ. ಕಮಾಂಡಿನ ಅಕ್ಷರಗಳು ಸಿ, ಎಚ್, ಓ, ಡಬ್ಲ್ಯು, ಎನ್; ಆರ್ ದೊಡ್ಡಕ್ಷರ. ಹೆಸರಿನ ನಂತರದ ಕೋಲನ್ ಬಿಡಬೇಡಿ, ಗ್ರೂಪೂ ಸರಿಯಾಗುವುದು ಅದರಿಂದ.

ಸ್ಕ್ರಿಪ್ಟಿನಲ್ಲಿ ‘ಯೂಸರ್‌ಮಾಡ್ -ಪಿ’ ಕೊಟ್ಟು ಅದರ ಮುಂದೆ ಪಾಸ್‌ವರ್ಡನ್ನು ಹಾಗೇ ಬರೆದಿದ್ದರೆ ಲಾಗಿನ್ ಎಂದಿಗೂ ಆಗದು. ಅದು ಕೇಳುವುದು ಹ್ಯಾಶ್, ಅಂದರೆ ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ತೆಗೆದ ಗುರುತು. ನೀವು ಕೊಟ್ಟ ಪದ ಶ್ಯಾಡೋ ಫೈಲಿನಲ್ಲಿ ಬಯಲಾಗಿ ಕೂರುತ್ತದೆ. ಸ್ಕ್ರಿಪ್ಟಿಗೆ ಸಿಎಚ್‌ಪಾಸ್‌ವರ್ಡ್ ಬಳಸಿ, ಇಲ್ಲೂ ಓ, ಆರ್ ಇಲ್ಲ.

ಹಂತ 5: ಲಾಗಿನ್ ತಡೆಯುವುದು

ಯಾರಾದರೂ ಕೆಲಸ ಬಿಟ್ಟರೆ ‘ಪಾಸ್‌ವರ್ಡ್ -ಎಲ್’ ಹಾಕಿ ಕೈ ತೊಳೆದುಕೊಳ್ಳುವುದು ರೂಢಿ. ಅದು ಶ್ಯಾಡೋ ಫೈಲಿನ ಹ್ಯಾಶ್‌ನ ಶುರುವಿನಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಇಡುತ್ತದೆ, ಅಷ್ಟೇ. ಪಾಸ್‌ವರ್ಡ್ ನಡೆಯುವುದಿಲ್ಲ. ಆದರೆ ಅವರ ಎಸ್‌ಎಸ್‌ಎಚ್ ಕೀ ಹೋಮ್ ಡೈರೆಕ್ಟರಿಯಲ್ಲಿದೆ, ಅದನ್ನು ಯಾರೂ ಮುಟ್ಟಿಲ್ಲ. ಪಿಎಎಂ (ಲಾಗಿನ್ ಪರೀಕ್ಷಿಸುವ ವ್ಯವಸ್ಥೆ) ಬಳಸುವ ಮಾಮೂಲಿ ಸರ್ವರಿನಲ್ಲಿ ಕೀಯಿಂದ ಸಲೀಸಾಗಿ ಒಳಗೆ ಬರಬಹುದು. ಅಕೌಂಟಿನ ಅವಧಿಯನ್ನೇ ಮುಗಿಸಿ:

ಸುಡೊ ಯೂಸರ್‌ಮಾಡ್ -ಎಲ್ -ಇ 1 ಮೇಘಾ

ಇಲ್ಲಿ ಎಲ್ ದೊಡ್ಡಕ್ಷರ, ಇ ಸಣ್ಣಕ್ಷರ. 1 ಅಂದರೆ 1970ರ ಜನವರಿ 2ಕ್ಕೇ ಅವಧಿ ಮುಗಿದಂತೆ. 0 ಹಾಕಬೇಡಿ, ಕೆಲವು ಕಡೆ ಅದನ್ನು ‘ಅವಧಿಯೇ ಇಲ್ಲ’ ಅಂತ ಓದಬಹುದು. ಇಷ್ಟಾದರೂ ಈಗಾಗಲೇ ತೆರೆದಿರುವ ಸೆಷನ್‌ಗಳು ನಡೆಯುತ್ತಲೇ ಇರುತ್ತವೆ. ಹಾಗಾಗಿ ಮುಂದಿನ ಸಾಲಿನಲ್ಲೇ ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್. ‘ಕ್ರಾನ್‌ಟ್ಯಾಬ್ -ಯು ಮೇಘಾ -ಎಲ್’ ಹಾಕಿ ಅವರ ಹೆಸರಲ್ಲಿ ನಿಗದಿತ ಸಮಯಕ್ಕೆ ಏನಾದರೂ ಓಡಬೇಕಿತ್ತಾ ನೋಡಿ. ಬೇರೆ ಅಕೌಂಟ್‌ಗಳ ಕೀ ಪಟ್ಟಿಯಲ್ಲಿ, ಮುಖ್ಯವಾಗಿ ರೂಟ್‌ನದ್ದರಲ್ಲಿ, ಅವರ ಕೀ ಉಳಿದಿದೆಯಾ ಅನ್ನೋದನ್ನೂ ನೋಡಿ.

ಹಂತ 6: ಹೆಸರು, ನಂಬರ್ ಬದಲಿಸುವುದು, ಅಳಿಸುವುದು

‘ಯೂಸರ್‌ಮಾಡ್ -ಎಲ್’, ಸಣ್ಣಕ್ಷರದ ಎಲ್, ಹೆಸರನ್ನು ಮಾತ್ರ ಬದಲಿಸುತ್ತದೆ. ಹೋಮ್ ಡೈರೆಕ್ಟರಿಗೆ ‘-ಡಿ ಹೊಸಜಾಗ -ಎಂ’ ಸೇರಿಸಬೇಕು, ಗ್ರೂಪಿನ ಹೆಸರಿಗೆ ಬೇರೆಯಾಗಿ ‘ಗ್ರೂಪ್‌ಮಾಡ್ -ಎನ್’. ಸುಡೋಯರ್ಸ್‌ನಲ್ಲಿ (ಸುಡೊ ಹಕ್ಕು ಯಾರಿಗೆ ಅನ್ನುವ ಫೈಲು) ಹಳೆಯ ಹೆಸರು ಇದ್ದರೆ ಕೈಯಾರೆ, ವಿಸುಡೊ ಬಳಸಿ ತಿದ್ದಬೇಕು.

‘ಯೂಸರ್‌ಮಾಡ್ -ಯು 2004 ಮೇಘಾ’ ಅಂದರೆ ಹೋಮ್ ಒಳಗಿರುವ ಅವರ ಫೈಲುಗಳ ಮಾಲೀಕತ್ವ ಬದಲಾಗುತ್ತದೆ, ಹೊರಗಿನದ್ದು ಇಲ್ಲ. ಅದಕ್ಕೆ:

ಸುಡೊ ಫೈಂಡ್ / -ಎಕ್ಸ್‌ಡೆವ್ -ಯುಐಡಿ 1004 -ಎಕ್ಸೆಕ್ ಚೌನ್ -ಎಚ್ 2004 {} +

ಎಕ್ಸ್‌ಡೆವ್ ಒಂದೇ ಫೈಲ್‌ಸಿಸ್ಟಂ ಒಳಗೆ ಹುಡುಕುತ್ತದೆ. /ವಾರ್, /ಎಸ್‌ಆರ್‌ವಿ ಬೇರೆ ಪಾರ್ಟಿಷನ್ ಆಗಿದ್ದರೆ ಅಲ್ಲೂ ಒಮ್ಮೊಮ್ಮೆ ಓಡಿಸಿ. ಗ್ರೂಪ್‌ಮಾಡ್‌ನಿಂದ ಗ್ರೂಪ್ ನಂಬರ್ ಬದಲಿಸಿದರಂತೂ ಡಿಸ್ಕಿನ ಒಂದು ಫೈಲೂ ಬದಲಾಗುವುದಿಲ್ಲ.

ಅಳಿಸುವಾಗ ಏನಾಗುತ್ತದೆ ಅನ್ನೋದನ್ನು ಹತ್ತಿರದಿಂದ ನೋಡಿ. ಸಿಸ್ಟಂನಲ್ಲಿ ಮನುಷ್ಯರ ಅಕೌಂಟ್‌ಗಳ ಪೈಕಿ ಅತಿ ದೊಡ್ಡ ನಂಬರ್ ಮೇಘಾ ಅವರದ್ದು, 1004. ಯೂಸರ್‌ಡೆಲ್ ಹಾಕಿದಿರಿ. /ಎಸ್‌ಆರ್‌ವಿ ಒಳಗಿನ ಅವರ ಫೈಲುಗಳು ಉಳಿದವು. ಎಲ್‌ಎಸ್ -ಎಲ್ ಹಾಕಿದರೆ ಹೆಸರಿನ ಜಾಗದಲ್ಲಿ ಬರೀ 1004 ಕಾಣುತ್ತದೆ. ಮಾರನೇ ವಾರ ಕಿರಣ್ ಅನ್ನುವವರಿಗೆ ಅಕೌಂಟ್ ಮಾಡುತ್ತೀರಿ. ಯೂಸರ್‌ಆಡ್ ಇರುವುದರಲ್ಲಿ ದೊಡ್ಡ ನಂಬರಿಗೆ ಒಂದು ಕೂಡಿಸುತ್ತದೆ: 1003ರ ಮುಂದೆ 1004. ಮತ್ತೆ ಎಲ್‌ಎಸ್ -ಎಲ್ ಹಾಕಿ, ಅವೇ ಫೈಲುಗಳು ಈಗ ಕಿರಣ್ ಹೆಸರಲ್ಲಿವೆ! ಯಾರೂ ಏನೂ ಕೊಟ್ಟಿಲ್ಲ, ಡಿಸ್ಕಿನಲ್ಲಿ ಒಂದು ಬಿಟ್ಟೂ ಬದಲಾಗಿಲ್ಲ.

ಅದಕ್ಕೇ ಅಳಿಸುವ ಮೊದಲು ಆ ನಂಬರಿನ ಫೈಲುಗಳನ್ನು ಹುಡುಕಿ ಬೇರೆಯವರಿಗೆ ವಹಿಸಿ. ಈಗಾಗಲೇ ಅಳಿಸಿದ್ದರೆ ‘ಫೈಂಡ್ / -ಎಕ್ಸ್‌ಡೆವ್ -ನೋಯೂಸರ್’ ಅನಾಥ ಫೈಲುಗಳನ್ನು ತೋರಿಸುತ್ತದೆ, ಗ್ರೂಪಿಗೆ ನೋಗ್ರೂಪ್. ನನ್ನನ್ನು ಕೇಳಿದರೆ ಜನ ಬಂದು ಹೋಗುವ ಸರ್ವರಿನಲ್ಲಿ ಅಕೌಂಟ್ ಅಳಿಸುವುದೇ ಬೇಡ. ಹಂತ 5ರಂತೆ ಅವಧಿ ಮುಗಿಸಿ ಇಟ್ಟರೆ ನಂಬರ್ ಮತ್ತೆ ಯಾರಿಗೂ ಹೋಗುವುದಿಲ್ಲ, ಹಳೆಯ ಫೈಲು ಯಾರದ್ದು ಅನ್ನುವ ದಾಖಲೆಯೂ ಉಳಿಯುತ್ತದೆ.

ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲು ಹಂಚುವ ವ್ಯವಸ್ಥೆ) ಬಳಸುವವರಿಗೂ ಇದೇ ನಂಬರಿನ ಕಥೆ. ಮಾಮೂಲಿ ಸಿಸ್ ವಿಧಾನದಲ್ಲಿ ಸರ್ವರಿಗೆ ಹೋಗುವುದು ನಂಬರ್‌ಗಳೇ. ಎರಡು ಯಂತ್ರಗಳಲ್ಲಿ ಒಂದೇ ಹೆಸರಿಗೆ ಬೇರೆ ಬೇರೆ ನಂಬರ್ ಇದ್ದರೆ ಹಕ್ಕುಗಳು ಅದಲುಬದಲಾಗುತ್ತವೆ. ಜೊತೆಗೆ ಆ ವಿಧಾನದಲ್ಲಿ 16 ಹೆಚ್ಚುವರಿ ಗ್ರೂಪುಗಳು ಮಾತ್ರ ಹೋಗುತ್ತವೆ. 17ನೇ ಗ್ರೂಪಿಗೆ ಸೇರಿದವರಿಗೆ ಲೋಕಲ್‌ನಲ್ಲಿ ಎಲ್ಲ ಸರಿ, ಶೇರಿನಲ್ಲಿ ಮಾತ್ರ ತಡೆ.

ಹಂತ 7: ಕಮಾಂಡೇ ಓಡದಿದ್ದಾಗ

‘ಯೂಸರ್ ಈಸ್ ಕರೆಂಟ್ಲಿ ಯೂಸ್ಡ್ ಬೈ ಪ್ರೋಸೆಸ್’ ಬಂದರೆ ಆ ಯೂಸರಿನ ಏನೋ ಓಡುತ್ತಿದೆ. ‘ಪಿಎಸ್ -ಯು ಮೇಘಾ’ ನೋಡಿ, ನಿಲ್ಲಿಸಿ, ಮತ್ತೆ ಓಡಿಸಿ. ನಿಮ್ಮದೇ ಅಕೌಂಟಿನ ಹೆಸರು ಬದಲಿಸಬೇಕಿದ್ದರೆ ಬೇರೆ ಅಡ್ಮಿನ್ ಅಕೌಂಟಿನಿಂದ ಬನ್ನಿ.

‘ಕೆನಾಟ್ ಲಾಕ್ /ಇಟಿಸಿ/ಪಾಸ್‌ವರ್ಡ್’ ಬಂದರೆ ಇನ್ನೊಂದು ಕಮಾಂಡ್ ಆ ಫೈಲು ಹಿಡಿದಿರಬಹುದು, ಅಥವಾ ನಡುವೆ ಸತ್ತುಹೋದ ಕಮಾಂಡಿನ .ಲಾಕ್ ಫೈಲು /ಇಟಿಸಿ ಒಳಗೆ ಉಳಿದಿರಬಹುದು. ಯೂಸರ್‌ಆಡ್, ವಿಪಿಡಬ್ಲ್ಯು ಯಾವುದೂ ಓಡುತ್ತಿಲ್ಲ ಅಂತ ಖಚಿತವಾದ ಮೇಲೆ ಮಾತ್ರ ಅದನ್ನು ಅಳಿಸಿ. ‘ಆಥೆಂಟಿಕೇಷನ್ ಟೋಕನ್ ಮ್ಯಾನಿಪ್ಯುಲೇಷನ್ ಎರರ್’ ಅಂದರೆ ಬಹಳಷ್ಟು ಸಲ ಡಿಸ್ಕ್ ತುಂಬಿದೆ ಅಥವಾ ಓದಲು ಮಾತ್ರ ಮೌಂಟ್ ಆಗಿದೆ. ಡಿಎಫ್ -ಎಚ್ ಮತ್ತು ಮೌಂಟ್ ನೋಡಿ. ಅವೂ ಸರಿ ಇದ್ದರೆ ‘ಎಲ್‌ಎಸ್‌ಎಟಿಟಿಆರ್’ ಹಾಕಿ ಫೈಲಿಗೆ ಯಾರಾದರೂ ಐ ಗುರುತು ಹಾಕಿ ಬದಲಾವಣೆ ತಡೆದಿದ್ದಾರಾ ನೋಡಿ.

ಅಕೌಂಟ್ ಫೈಲುಗಳನ್ನು ಮಾಮೂಲಿ ಎಡಿಟರಿನಲ್ಲಿ ತೆರೆಯಬೇಡಿ. ವಿಪಿಡಬ್ಲ್ಯು, ವಿಜಿಆರ್ ಇರುವುದೇ ಅದಕ್ಕೆ, ಅವು ತಿದ್ದುವಾಗ ಲಾಕ್ ಹಿಡಿಯುತ್ತವೆ. ತಿದ್ದಿದ ಮೇಲೆ ‘ಪಿಡಬ್ಲ್ಯುಸಿಕೆ -ಆರ್’ ಮತ್ತು ‘ಜಿಆರ್‌ಪಿಸಿಕೆ -ಆರ್’ ಓಡಿಸಿ. ಏನನ್ನೂ ಬದಲಿಸದೆ ತಪ್ಪುಗಳನ್ನು ಮಾತ್ರ ಹೇಳುತ್ತವೆ.

ಸುಡೊ ಹಕ್ಕೇ ಹೋಗಿದ್ದು, ರೂಟ್ ಪಾಸ್‌ವರ್ಡೂ ಇಲ್ಲದಿದ್ದರೆ ಬೂಟ್ ಆಗುವಾಗ ದಾರಿ ಇದೆ. ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಇನಿಟ್=/ಬಿನ್/ಬ್ಯಾಶ್ ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ. ರೂಟ್ ಶೆಲ್ ಬಂದ ಮೇಲೆ:

ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯು /
ಯೂಸರ್‌ಮಾಡ್ -ಎಜಿ ಸುಡೊ ಮೇಘಾ
ಸಿಂಕ್

ಇಲ್ಲೂ ಜಿ ದೊಡ್ಡಕ್ಷರ. ಗ್ರೂಪಿನ ಹೆಸರು ಡೆಬಿಯನ್, ಉಬುಂಟುಗಳಲ್ಲಿ ಸುಡೊ, ರೆಡ್ ಹ್ಯಾಟ್, ಫೆಡೋರಾ, ಆರ್ಚ್‌ಗಳಲ್ಲಿ ವೀಲ್. ಎಸ್‌ಇ ಲಿನಕ್ಸ್ (ಫೈಲುಗಳಿಗೆ ಲೇಬಲ್ ಹಾಕಿ ಹಕ್ಕು ನಿಯಂತ್ರಿಸುವ ಭದ್ರತಾ ವ್ಯವಸ್ಥೆ) ಇರುವ ಸಿಸ್ಟಂನಲ್ಲಿ ‘ಟಚ್ /.ಆಟೋರೀಲೇಬಲ್’ ಕೂಡ ಹಾಕಿ, ಇಲ್ಲದಿದ್ದರೆ ಬದಲಾದ ಫೈಲುಗಳ ಲೇಬಲ್ ತಪ್ಪಾಗಿ ಮುಂದಿನ ಬೂಟ್‌ನಲ್ಲಿ ಯಾರಿಗೂ ಲಾಗಿನ್ ಆಗದೇ ಹೋಗಬಹುದು. ಆಮೇಲೆ ಯಂತ್ರವನ್ನು ರೀಬೂಟ್ ಮಾಡಿ, ಮೇಘಾ ಹೆಸರಲ್ಲಿ ಲಾಗಿನ್ ಆಗಿ ಬರೀ ‘ಐಡಿ’ ಹಾಕಿ. ಪಟ್ಟಿಯಲ್ಲಿ ಆ ಗ್ರೂಪ್ ಕಂಡು, ಸುಡೋಯರ್ಸ್‌ನಲ್ಲಿ ಅದಕ್ಕೆ ಅನುಮತಿ ಇದ್ದರೆ ಸುಡೊ ನಡೆಯುತ್ತದೆ.